ಒಣಗಿದ್ದು ಒಣಗಿಯೇ ಇರಬೇಕಿತ್ತು

ನಮ್ಮವರ ಎಡಗಾಲಿನ ಎರಡನೇ ಬೆರಳು ಕಪ್ಪಾಗಿದ್ದನ್ನು ಮೊದಲು ಕಂಡವಳು ನಾನೇ. ಬಣ್ಣ ಹತ್ತಿರಬೇಕು ಅಂದುಕೊಂಡೆ. ಇಳಕಲ್ಲಿನ ನೇಕಾರರ ಮನೆಯಲ್ಲಿ ಕೈಕಾಲಿಗೆ ಬಣ್ಣ ಹತ್ತುವುದು ಹೊಸ ಸುದ್ದಿಯೇನಲ್ಲ. ನೂಲಿಗೆ ಬಣ್ಣ ಹಾಕಿದ ವಾರವೆಲ್ಲ ಮುಂದಿನ ಸೀರೆ ಯಾವ ಬಣ್ಣದ್ದೆಂದು ನಮ್ಮ ಉಗುರು ನೋಡಿಯೇ ಹೇಳಬಹುದು. ಸೀಗೆಪುಡಿ ಹಚ್ಚಿ ತಿಕ್ಕಿದೆ. ಹೋಗಲಿಲ್ಲ. ನೋಯುತ್ತದೇನು ಅಂತ ಕೇಳಿದೆ. ಇಲ್ಲ ಅಂದರು. ತೆಂಗಿನ ನಾರು ತಂದು ಇನ್ನೂ ಜೋರಾಗಿ ತಿಕ್ಕಿದೆ.

ಆಗಲೂ ಇಲ್ಲ ಅಂದರು.

ನೋವಿಲ್ಲದ ಮೇಲೆ ರೋಗವೆಲ್ಲಿಂದ ಬಂತು ಅಂತ ಸುಮ್ಮನಾದೆ. ನಾನು ಏಳನೇ ಇಯತ್ತೆಯವರೆಗೆ ಸಾಲೆ ಕಲಿತವಳು, ಪೇಪರು ಓದುವವಳು, ಓಣಿಯ ಹೆಂಗಸರಿಗೆಲ್ಲ ಬುದ್ಧಿ ಹೇಳುವವಳು. ನೋವಿಲ್ಲದಿರುವುದೇ ರೋಗ ಅನ್ನುವುದು ನನಗೆ ಗೊತ್ತಿರಲಿಲ್ಲ.

ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು, ಕೆಳಗಿನ ಹಲಗೆಗಳನ್ನು ಎರಡೂ ಕಾಲಿನಿಂದ ತುಳಿಯುತ್ತ ನೇಯಬೇಕು. ಬೆಳಿಗ್ಗೆ ಇಳಿದರೆ ಸಂಜೆಗೆ ಏಳುವುದು. ಎದ್ದಾಗ ಕಾಲು ಕಟ್ಟಿಗೆಯಾಗಿರುತ್ತವೆ. ಅದಕ್ಕೇ ನಮ್ಮ ಓಣಿಯಲ್ಲಿ ಒಂದು ರೂಢಿ: ಕುಣಿಯಿಂದ ಎದ್ದ ಗಂಡಸಿನ ಕಾಲನ್ನು ಹೆಂಡತಿ ಬಿಸಿನೀರು ತುಂಬಿದ ತಗಡಿನ ಬುಟ್ಟಿಯಲ್ಲಿ ಇಡಿಸಿ, ತಿಕ್ಕಿ ತೊಳೆದು, ಕುಸುಬಿ ಎಣ್ಣೆ ಹಚ್ಚುತ್ತಾಳೆ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅತ್ತೆ ನನಗೆ ಕಲಿಸಿದ ಕೆಲಸ ಅದು. ಇಡೀ ದಿನದಲ್ಲಿ ನಾವಿಬ್ಬರೇ ಕೂತು ಮಾತಾಡುವ ಹೊತ್ತೂ ಅದೇ. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ, ಹಾಗಾಗಿ ಇಲ್ಲಿಯೂ ನಮ್ಮವರು ಅಂತಲೇ ಬರೆಯುತ್ತೇನೆ. ಅವರ ಮೇಲೆ ನನಗೆಷ್ಟು ಸಿಟ್ಟಿದ್ದರೂ ಆ ರೂಢಿ ಮಾತ್ರ ಬಿಟ್ಟಿಲ್ಲ.

ಬೆರಳು ದಿನದಿನಕ್ಕೆ ಸೊರಗಿತು. ಚರ್ಮ ಸುಕ್ಕಾಗಿ, ಗಟ್ಟಿಯಾಗಿ, ನೋಡಲು ಒಂದು ಉತ್ತತ್ತಿಯ ಹಾಗಾಯಿತು. ಹುನಗುಂದದ ಕೋರ್ಟಿನಲ್ಲಿ ಕಾರಕೂನರಾಗಿರುವ ಭಾವ, ಅಂದರೆ ಇವರ ಅಣ್ಣ ಸಂಗಪ್ಪನವರು, ಬಂದು ನೋಡಿ ಬಾಗಲಕೋಟೆಗೆ ತೋರಿಸೋಣ ಅಂದರು. ಸಾಹೇಬರ ಮುಂದೆ ನಿಂತು ಮಾತಾಡುವುದು ಅವರಿಗೆ ರೂಢಿ. ನಾವು ಇಳಕಲ್ಲಿನಲ್ಲಿ ಬಸ್ಸು ಹತ್ತಿದೆವು, ಅವರು ಹುನಗುಂದದಲ್ಲಿ ಹತ್ತಿದರು.

ಬಾಗಲಕೋಟೆಯ ದವಾಖಾನೆಯಲ್ಲಿ ಮೊದಲು ಮೂತ್ರ ಪರೀಕ್ಷೆ ಮಾಡಿದರು. ಗಾಜಿನ ನಳಿಗೆಯಲ್ಲಿ ನೀಲಿ ನೀರು ಹಾಕಿ, ಅದಕ್ಕೆ ನಾಲ್ಕು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಿದರು. ನೀಲಿ ಹೋಗಿ ಹಸಿರಾಗಿ, ಹಳದಿಯಾಗಿ, ಕಡೆಗೆ ಇಟ್ಟಂಗಿ ಬಣ್ಣಕ್ಕೆ ಬಂತು. ಬಣ್ಣ ಹಾಕುವವರ ಮನೆಯವಳಿಗೆ ಅದು ಚೆಂದವೇ ಕಂಡಿತು. ಕಂಪೌಂಡರ್ ಮಾತ್ರ ಹುಬ್ಬು ಗಂಟಿಕ್ಕಿ, ಸಕ್ಕರೆ ರೋಗ, ಡಯಾಬಿಟಿಸ್ ಅಂದ. ಆಮೇಲೆ ಸರ್ಜನ್ ಕೋಣೆಯ ಬಾಗಿಲಲ್ಲಿ ನಿಂತು ಕರೆದ.

"ಗಂಡಸರು ಯಾರ ಬಂದೀರಿ, ಅವರು ಒಳಗ ಬರ್ರಿ."

ನಮ್ಮವರ ಜೊತೆ ಭಾವ ಒಳಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ ಇವರ ಚಪ್ಪಲಿ ಕಾಯುತ್ತ ಕೂತೆ. ಆ ಕಾಲನ್ನು ದಿನಾ ಕೈಯಲ್ಲಿ ಹಿಡಿಯುವವಳು ನಾನು, ಅದರ ಸುದ್ದಿ ಕೇಳಲು ಹೋದವರು ಅವರು. ಆಗ ಅದು ವಿಚಿತ್ರ ಅನಿಸಲೂ ಇಲ್ಲ. ದವಾಖಾನೆ, ಕೋರ್ಟು, ಕಚೇರಿ ಎಲ್ಲ ಕಡೆಯೂ ನಮ್ಮ ಜಾಗ ಹೊರಗಿನ ಬೆಂಚೇ.

ಹೊರಗೆ ಬಂದ ಭಾವನ ಮುಖ ಬಿಗಿದುಕೊಂಡಿತ್ತು. ಕೇಳಿದ್ದಕ್ಕೆ, "ರಕ್ತದಾಗ ಸಕ್ರಿ ಹೆಚ್ಚಾಗೇತಿ ತಂಗಿ. ಗುಳಿಗಿ ಕೊಟ್ಟಾರ. ಸಿಹಿ ಬಿಟ್ರ ಬೆರಳು ತಾನ ಆರಾಮ ಆಗತೈತಿ" ಅಂದರು. ನಮ್ಮವರು ಬಗ್ಗಿ ಚಪ್ಪಲಿ ಮೆಟ್ಟಿಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿದ್ದರು. ಇನ್ನು ಮೇಲೆ ಹೋಳಿಗೆಯೆಲ್ಲ ನನ್ನ ಪಾಲಿಗೇ ಅಂತ ಛೇಡಿಸಿದೆ. ನಕ್ಕರು. ಆ ನಗುವನ್ನು ನಾನು ನಂಬಿದೆ.

ಅಂದಿನಿಂದ ನಾನು ಆ ಬೆರಳಿನ ಸೇವೆಗೆ ನಿಂತೆ. ಚಹಾಕ್ಕೆ ಸಕ್ಕರೆ ನಿಲ್ಲಿಸಿದೆ. ಬೆಲ್ಲದ ಡಬ್ಬಿಯನ್ನು ನೆರೆಮನೆಯಲ್ಲಿಟ್ಟೆ. ಬೇವಿನೆಲೆ ಹಾಕಿ ಕುದಿಸಿದ ನೀರಿನಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಕಾಲಿಡಿಸಿದೆ, ಎಣ್ಣೆ ಹಚ್ಚಿದೆ, ಅರಿಶಿಣದ ನೀರಿನಲ್ಲಿ ನೆನೆಸಿದ ಬಟ್ಟೆ ಸುತ್ತಿದೆ. ಬಟ್ಟೆ ಒಣಗಿದರೆ ಮತ್ತೆ ನೆನೆಸಿದೆ.

ಇದೇನು ಹುಚ್ಚು ಅಂತ ಈಗ ಯಾರಾದರೂ ಕೇಳಬಹುದು. ನಮ್ಮ ಕಸುಬು ಗೊತ್ತಿದ್ದವರು ಕೇಳುವುದಿಲ್ಲ. ಬೇಸಿಗೆಯ ಒಣಗಾಳಿ ಬೀಸಿದರೆ ಮಗ್ಗದ ಮೇಲಿನ ರೇಷ್ಮೆ ಎಳೆಗಳು ಪಟಪಟ ಹರಿಯುತ್ತವೆ. ಆಗ ಕುಣಿಗೆ ನೀರು ಚಿಮುಕಿಸಿ, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ, ನೂಲನ್ನು ತಂಪಾಗಿಟ್ಟರೆ ಎಳೆಗಳು ಮತ್ತೆ ಮೆತ್ತಗಾಗಿ ಮಾತು ಕೇಳುತ್ತವೆ. ನಮ್ಮ ಎರೆ ಹೊಲವೂ ಅಷ್ಟೇ, ಒಣಗಿದರೆ ಬಿರುಕು, ಹಸಿಯಾದರೆ ಬೆಳೆ. ಒಣಗಿದ್ದೆಲ್ಲ ಸತ್ತದ್ದು, ಹಸಿ ಇದ್ದದ್ದೆಲ್ಲ ಬದುಕಿದ್ದು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ಇಲ್ಲಿ ಹುಟ್ಟಿದವರಿಗೆ ಕಲಿಸಬೇಕಾಗಿಯೂ ಇಲ್ಲ. ಉತ್ತತ್ತಿಯಂತಾದ ಬೆರಳನ್ನು ನಾನು ಇನ್ನು ಹೇಗೆ ನೋಡಬೇಕಿತ್ತು?

ಒಂದೆರಡು ಸಂಜೆ ನಮ್ಮವರು, ಇವತ್ತು ನೀರು ಬೇಡ ಬಿಡು ಅಂದದ್ದುಂಟು. ಹೊಲಸು ಕಾಲಿನಿಂದ ಹಾಸಿಗೆ ಹತ್ತುತ್ತೀರೇನು ಅಂತ ನಾನು ಗದರಿದೆ. ಸ್ವಲ್ಪ ಹೊತ್ತು ಬುಟ್ಟಿಯನ್ನೇ ನೋಡುತ್ತ ಕೂತರು. ಆಮೇಲೆ ತಾವಾಗಿಯೇ ಕಾಲನ್ನು ನೀರಿಗೆ ಇಳಿಸಿದರು.

ಬೇಸಿಗೆ ಹತ್ತಿದಾಗ ಒಂದು ದಿನ ಬಟ್ಟೆ ಬಿಚ್ಚಿದರೆ ಬೆರಳು ಮೆತ್ತಗಾಗಿತ್ತು. ಒತ್ತಿದರೆ ತಗ್ಗು ಬೀಳುತ್ತಿತ್ತು. ಬುಡದಲ್ಲಿ ಒಂದು ಗುಳ್ಳೆ ಎದ್ದು ಒದ್ದೆ ಜಿನುಗುತ್ತಿತ್ತು. ನನಗಾದ ಖುಷಿಯನ್ನು ಹೇಗೆ ಬರೆಯಲಿ? ಒಣಗಿದ ಬೆರಳಿಗೆ ರಸ ಬಂತು, ಜೀವ ಬಂತು ಅಂತ ಓಣಿಗೆಲ್ಲ ಹೇಳಿಕೊಂಡು ಬಂದೆ. ಕೀವಾಗುವುದು ಒಳ್ಳೆಯ ಲಕ್ಷಣ, ಹುಣ್ಣು ಹಣ್ಣಾಗಿ ಒಡೆದರೆ ವಾಸಿ ಅಂತ ಹಿರಿಯರೂ ಅಂದರು. ಬನಶಂಕರಿಗೆ ಒಂದು ಸೀರೆ ಉಡಿಸುತ್ತೇನೆಂದು ಹರಕೆ ಹೊತ್ತೆ. ನಮ್ಮವರಿಗೆ ಹೇಳಿದಾಗ ಅವರು ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದವರು, ಬಟ್ಟೆ ಸುತ್ತಲು ಕಾಲನ್ನು ನನ್ನ ಕಡೆ ಚಾಚಿದರು.

ಎರಡು ದಿನದಲ್ಲಿ ವಾಸನೆ ಹುಟ್ಟಿತು. ಸತ್ತ ಇಲಿ ಎಲ್ಲೋ ಸಂದಿಯಲ್ಲಿದೆ ಅಂತ ನಾನು ಮನೆಯೆಲ್ಲ ಹುಡುಕಿದೆ. ಆಮೇಲೆ ಜ್ವರ. ಪಾದ ಊದಿ, ಕೆಂಪು ಗೆರೆ ಮೀನಖಂಡದವರೆಗೆ ಏರಿತು. ನಮ್ಮವರು ಏನೇನೋ ಬಡಬಡಿಸತೊಡಗಿದರು. ಗ್ರಾನೈಟ್ ಕ್ವಾರಿಯ ಜೀಪು ಬೇಡಿಕೊಂಡು ಬಾಗಲಕೋಟೆಗೆ ಹೊರಟೆವು. ಭಾವ ಹುನಗುಂದದಲ್ಲಿ ಹತ್ತಿದವರು ಕಾಲು ನೋಡಿ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತರು.

ದವಾಖಾನೆಯವರು ರಕ್ತ ಬೇಕು ಅಂದರು. ಭಾವ ತಮ್ಮ ರಕ್ತ ಕೊಡಲು ಹೋದರು. ಅದನ್ನು ನಾನು ಮರೆಯುವುದಿಲ್ಲ, ಮರೆಯಲೂಬಾರದು. ಆದರೆ ಅವರು ಆ ಕಡೆ ಹೋಗಿದ್ದರಿಂದಲೇ ಸರ್ಜನ್ ಹೊರಗೆ ಬಂದಾಗ ಕಾರಿಡಾರಿನಲ್ಲಿ ಇದ್ದವಳು ನಾನೊಬ್ಬಳೇ. ಗಂಡಸರು ಯಾರೂ ಇಲ್ಲವೇನು ಅಂತ ಕೇಳಿದರು. ಇಲ್ಲ ಅಂದೆ. ಒಂದು ಕ್ಷಣ ತಡೆದು, ಆಮೇಲೆ ನನಗೇ ಹೇಳಿದರು. ವೆಟ್ ಗ್ಯಾಂಗ್ರೀನ್ ಆಗಿದೆ, ವಿಷ ರಕ್ತಕ್ಕೆ ಸೇರುತ್ತಿದೆ, ಮೊಣಕಾಲಿನ ಕೆಳಗೆ ತೆಗೆಯಬೇಕು, ಇವತ್ತೇ.

"ನೀರು ಹಾಕಿದವರು ಯಾರ್ರಿ?" ಅಂದರು. "ಬೆರಳು ಸತ್ತೈತಿ, ಒಣಾ ಐತಿ, ಒಣಾನ ಇಡ್ರಿ, ನೀರು ಬ್ಯಾಡ, ಎಣ್ಣಿ ಬ್ಯಾಡ, ತಾನ ಕಳಚಿ ಬೀಳತೈತಿ ಅಂತ ಹೇಳಿದ್ದೆ. ಹಸಿ ಆತು ಅಂದ್ರ ಅವತ್ತ ಬರ್ರಿ ಅಂತನೂ ಹೇಳಿದ್ದೆ."

ನನಗೆ ಯಾರೂ ಹೇಳಿಲ್ಲ ಅಂದೆ. ನಿಮ್ಮ ಭಾವನಿಗೆ ಹೇಳಿದ್ದೇನೆ ಅಂದರು. ಆಮೇಲೆ, ಒಳಗೆ ಹೋಗುವ ಅವಸರದಲ್ಲಿ, ಹೊರಳಿ ಇನ್ನೊಂದು ಮಾತು ಸೇರಿಸಿದರು.

"ನಿಮ್ಮ ಯಜಮಾನರೂ ಅಲ್ಲೇ ಕುಂತಿದ್ರಲ್ಲ."

ಅಲ್ಲೇ ಕೂತಿದ್ದರು.

ಕಾಲು ಹೋಯಿತು. ಜೀವ ಉಳಿಯಿತು. ಆಪರೇಷನ್ ಆದ ಮೇಲೆ ಜ್ವರ ಇಳಿಯುವವರೆಗೆ ಅವರ ಮಂಚದ ಪಕ್ಕದಲ್ಲೇ ಕೂತಿದ್ದೆ. ನನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದೆ. ಅನ್ನ ಕಲಸಲು ಕೈ ಬಾರದೆ ಚಮಚದಲ್ಲಿ ತಿಂದೆ. ಪಕ್ಕದ ಮಂಚದವರು ನನ್ನನ್ನು ಸಾಹೇಬರ ಹೆಂಡತಿ ಅಂದುಕೊಂಡರೋ ಏನೋ.

ವಾರ್ಡಿನಲ್ಲಿ ಡ್ರೆಸಿಂಗ್ ಮಾಡುತ್ತಿದ್ದವರು ಒಬ್ಬ ಹೌಸ್ ಸರ್ಜನ್, ಮೈಸೂರು ಕಡೆಯ ಹುಡುಗಿ. ಆಕೆಯ ಕನ್ನಡ ರೇಡಿಯೋ ವಾರ್ತೆಯ ಹಾಗೆ ಇತ್ತು. ಸತ್ತ ಬೆರಳು ಒಣಗಿದ್ದರೇನು, ಹಸಿಯಾದರೇನು, ಸತ್ತದ್ದು ಸತ್ತದ್ದೇ ಅಲ್ಲವೇ ಅಂತ ಆಕೆಯನ್ನು ಕೇಳಿದೆ. ಕೇಳಿದ್ದಕ್ಕೆ ಆಕೆಗೆ ಆಶ್ಚರ್ಯವಾಯಿತು. ಕೈತೊಳೆದು ಬಂದು ನನ್ನ ಪಕ್ಕದಲ್ಲೇ ಕೂತು ವಿವರಿಸಿದರು. ಹೊರಗಿನ ಬೆಂಚಿನ ಮೇಲೆ ಯಾರೂ ಹೇಳದಿದ್ದುದನ್ನು ಆಕೆ ಹೇಳಿದರು.

ದೇಹದ ಮಾಂಸ ಒಂದು ಕಡೆ ಸಾಯುವುದಕ್ಕೆ ನೆಕ್ರೋಸಿಸ್ ಅನ್ನುತ್ತಾರಂತೆ. ಸಾವು ಒಂದೇ, ಆದರೆ ಸತ್ತ ಮೇಲೆ ಮಾಂಸ ಏನಾಗುತ್ತದೆ ಅನ್ನುವುದರಲ್ಲಿ ಭೇದ. ರಕ್ತದ ದಾರಿ ಮುಚ್ಚಿ ಸತ್ತ ಮಾಂಸ ತನ್ನ ಆಕಾರವನ್ನು ಕೆಲ ಕಾಲ ಬಿಡುವುದಿಲ್ಲ, ಗಟ್ಟಿಯಾಗಿ ನಿಲ್ಲುತ್ತದೆ. ಬೆರಳಿನಲ್ಲಾದರೆ ಒಣಗಿ ಕಪ್ಪಾಗುತ್ತದೆ. ಅದು ಡ್ರೈ ಗ್ಯಾಂಗ್ರೀನ್. ಸತ್ತದ್ದಕ್ಕೂ ಬದುಕಿದ್ದಕ್ಕೂ ನಡುವೆ ಒಂದು ಗೆರೆ ಮೂಡುತ್ತದೆ, ದೇಹವೇ ಆ ಗೆರೆಯಲ್ಲಿ ಅದನ್ನು ಕಳಚಿಹಾಕುತ್ತದೆ, ಅವಸರವಿಲ್ಲ. ಅದೇ ಸತ್ತ ಮಾಂಸ ಹಸಿಯಾಗಿ ಕ್ರಿಮಿ ಹೊಕ್ಕಿತೋ, ಕರಗಿ ಕೊಳೆಯತೊಡಗುತ್ತದೆ. ಗೆರೆ ಗಿರೆ ಏನೂ ಇರುವುದಿಲ್ಲ, ಮೇಲಕ್ಕೆ ಏರುತ್ತಲೇ ಹೋಗುತ್ತದೆ. ಅದು ವೆಟ್. ಮಿದುಳಿನ ರಕ್ತ ನಿಂತರೆ ಅಲ್ಲಿ ಮೊದಲಿನಿಂದಲೇ ಕರಗಿ ನೀರಾಗುತ್ತದಂತೆ. ನಮ್ಮ ಅತ್ತೆ ಲಕ್ವಾ ಹೊಡೆದು ಹೋದವರು. ಅವರ ತಲೆಯೊಳಗೆ ಹೀಗಾಗಿತ್ತು ಅಂತ ಅಂದು ತಿಳಿಯಿತು.

ಮಿಕ್ಕವನ್ನು ಆಕೆ ವಾರ್ಡಿನಲ್ಲೇ ತೋರಿಸಿದರು. ಕಲಾದಗಿಯ ಮುದುಕರೊಬ್ಬರ ಕುತ್ತಿಗೆಯ ಗಂಟು ಒಡೆದಿತ್ತು. ಟಿಬಿ. ಅದರೊಳಗಿನ ಸತ್ತ ಮಾಂಸ ಗಟ್ಟಿಯೂ ಅಲ್ಲ ನೀರೂ ಅಲ್ಲ, ಎಮ್ಮೆ ಈದಾಗ ಮಾಡುವ ಗಿಣ್ಣದ ಹಾಗೆ ಪುಡಿಪುಡಿ. ಅದಕ್ಕೆ ಕೇಸಿಯಸ್ ಅಂತ ಹೆಸರು. ಬಾಗಿಲ ಬಳಿಯ ಮಂಚದಲ್ಲಿ ಬಾದಾಮಿಯ ಕಡೆಯ ಒಬ್ಬ ಕಲ್ಲು ಒಡೆಯುವವನಿದ್ದ. ತೊಡೆಯ ಮೇಲೆ ಬಂಡೆ ಬಿದ್ದು ಗಾಯಕ್ಕೆ ಮಣ್ಣು ಸೇರಿತ್ತು. ಚರ್ಮ ಒತ್ತಿದರೆ ಒಳಗೆ ಚರಚರ ಸದ್ದು. ಸತ್ತ ಮಾಂಸದೊಳಗೆ ಕ್ರಿಮಿಗಳು ಗಾಳಿ ಹುಟ್ಟಿಸುತ್ತವಂತೆ. ಗ್ಯಾಸ್ ಗ್ಯಾಂಗ್ರೀನ್, ಇದು ಗಂಟೆಗಳ ಲೆಕ್ಕದಲ್ಲಿ ಓಡುತ್ತದೆ ಅಂದರು. ಮರುದಿನ ಆ ಮಂಚ ಖಾಲಿಯಾಗಿತ್ತು.

ಎಲ್ಲ ಕೇಳಿಸಿಕೊಂಡ ಮೇಲೆ ನಾನು ಕೇಳಬೇಕಿದ್ದ ಒಂದೇ ಪ್ರಶ್ನೆ ಕೇಳಿದೆ. ಒಣಗಿಯೇ ಇಟ್ಟಿದ್ದರೆ ಕಾಲು ಉಳಿಯುತ್ತಿತ್ತೇ?

"ಖಂಡಿತ ಅಂತ ಹೇಳೋಕಾಗಲ್ಲಮ್ಮ" ಅಂದರು ಆಕೆ. "ಬೆರಳು ಹೋಗ್ತಿತ್ತು. ಕಾಲು ಉಳಿಯೋ ಸಾಧ್ಯತೆ ಇತ್ತು."

ಇತ್ತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನು ಯಾರನ್ನು ದೂರುವುದು ಅಂತ ಗಾದೆ ಮಾತಿದೆ. ನಾನು ದೂರಿದೆ. ಭಾವ ಬ್ರೆಡ್ಡು ಹಿಡಿದುಕೊಂಡು ಬಂದಾಗ ವಾರ್ಡಿನವರೆಲ್ಲ ಕೇಳುವಂತೆ ಕೇಳಿದೆ. ಯಾಕೆ ಹೇಳಲಿಲ್ಲ ಅಂತ. ಅವರು ಬ್ರೆಡ್ಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ, ಹೆಣ್ಣುಮಕ್ಕಳಿಗೆ ಇಂಥದ್ದು ಹೇಳಿದರೆ ಅತ್ತು ಕರೆದು ಓಣಿ ಕೂಡಿಸುತ್ತಾರೆ, ನಿನ್ನ ಒಳ್ಳೆಯದಕ್ಕೇ ಬಿಟ್ಟೆ ಅಂದರು. ಅವರ ಮಾತಿನಲ್ಲಿ ಕೇಡಿರಲಿಲ್ಲ. ಕೇಡಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಳ್ತಿದ್ದೆ ಖರೆ" ಅಂದೆ. "ಅತ್ತು, ಕಣ್ಣೀರು ಒರಿಸಿಕೊಂಡು, ಕಾಲು ಒಣಾ ಇಡ್ತಿದ್ದೆ."

ಭಾವನನ್ನು ಬೈಯುವುದು ಹಗುರ. ಅವರು ಕೋರ್ಟಿನವರು, ಯಾರಿಗೆ ಎಷ್ಟು ಹೇಳಬೇಕು ಅನ್ನುವುದೇ ಅವರ ಕಸುಬು. ಮಂಚದ ಮೇಲಿದ್ದವರದು ಬೇರೆ. ಅವರು ಕಣ್ಣು ಮುಚ್ಚಿಕೊಂಡು ನಿದ್ದೆಯ ನಟನೆ ಮಾಡುತ್ತಿದ್ದರು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ನಿದ್ದೆ ಯಾವುದು ನಟನೆ ಯಾವುದು ನನಗೆ ಗೊತ್ತು. ಭಾವ ಹೋದ ಮೇಲೆ ಸ್ಟೂಲು ಎಳೆದುಕೊಂಡು ಕೂತೆ.

"ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ ಯಾಕ ನೀರಾಗ ಕಾಲ ಇಟ್ರಿ?"

ಕಣ್ಣು ತೆರೆದರು. ಆಮೇಲೆ ಛಾವಣಿ ನೋಡುತ್ತಲೇ ಹೇಳಿದರು.

"ಬ್ಯಾಡ ಅಂದ್ರ ಯಾಕ ಅಂತ ಕೇಳ್ತಿದ್ದಿ. ಬೆರಳು ಸತ್ತೈತಿ ಅಂತ ಹೇಳಬೇಕಾಗ್ತಿತ್ತು. ನೀ ಅಷ್ಟು ಜ್ವಾಕಿಯಿಂದ ತಿಕ್ಕೋದು ನೋಡಿದ್ರ, ಇನ್ನೂ ಜೀವ ಐತೇನೋ ಅಂತ ನನಗೂ ಅನಸ್ತಿತ್ತು."

ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಅಂತ ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಕರಗಲಿಲ್ಲ. ನನ್ನ ಮೈಯೆಲ್ಲ ಉರಿಯಿತು. ಅವರಿಗೆ ಒಂದು ಸುಳ್ಳು ಆಸೆ ಬೇಕಿತ್ತು, ಅದಕ್ಕೆ ನನ್ನ ಕೈಗಳನ್ನು ಬಳಸಿಕೊಂಡರು. ನನ್ನ ಬೇವಿನ ನೀರು, ನನ್ನ ಎಣ್ಣೆ, ನನ್ನ ಹಾಸ್ಯ, ನನ್ನ ಹರಕೆ ಎಲ್ಲವೂ ಒಂದು ಹೆಣದ ಸೇವೆಯಾಗಿತ್ತು, ಅದು ಅವರಿಗೆ ಗೊತ್ತಿತ್ತು. ನಾನು ಓಣಿಯಲ್ಲಿ ಕುಣಿದಾಡಿ ಬಂದ ದಿನವೂ ಗೊತ್ತಿತ್ತು. ದ್ರೋಹ ಅನ್ನುವ ಮಾತು ಹಗೆಗಳಿಗೆ ಮೀಸಲು ಅಂತ ತಿಳಿದಿದ್ದೆ. ನಮ್ಮವರು ಅಂತ ಕರೆಯುವವರು ಮಾಡಿದಾಗಲೇ ಅದಕ್ಕೆ ಅರ್ಥ ಬರುವುದು.

ಮನೆಗೆ ಬಂದೆವು. ಒಂದೇ ಕಾಲಿನವರಿಗೆ ಕುಣಿ ಮಗ್ಗವಿಲ್ಲ. ಹಾಗಾಗಿ ಕುಣಿಗೆ ನಾನು ಇಳಿದೆ. ಅವರು ಗೋಡೆಗೆ ಒರಗಿ, ರಾಟೆ ಹಿಡಿದು, ನಾನು ಮಾಡುತ್ತಿದ್ದ, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಮಾಡತೊಡಗಿದರು. ಮೊದಮೊದಲು ಅವರ ಕಂಡಿಕೆಯ ಎಳೆಗಳೆಲ್ಲ ಸಡಿಲ. ಬೈದೆ. ಇನ್ಸುಲಿನ್ ಬಾಟಲಿಯನ್ನು ಮಣ್ಣಿನ ಮಡಕೆಯಲ್ಲಿ ತಂಪಾಗಿಟ್ಟು, ಗಾಜಿನ ಸಿರಿಂಜು ಕುದಿಸಿ, ದಿನಾ ನಾನೇ ಚುಚ್ಚುತ್ತೇನೆ. ಚುಚ್ಚುವಾಗ ಮಾತಿಲ್ಲ. ಊಟಕ್ಕೆ ಬಡಿಸುವಾಗಲೂ ಬೇಕಾದಷ್ಟೇ. ಸಂಜೆಯ ಬುಟ್ಟಿ ಅಟ್ಟ ಸೇರಿತು. ನನ್ನ ಕಾಲು ಮರಗಟ್ಟಿದರೆ ನಾನೇ ತಿಕ್ಕಿಕೊಳ್ಳುತ್ತಿದ್ದೆ.

ಓಣಿಗೆ ಮಾತ್ರ ಅರ್ಧ ಕಥೆ ತಲುಪಿತ್ತು. ನೀರು ಹಾಕಿ ಹಾಕಿ ಗಂಡನ ಕಾಲು ಕಳೆದವಳು ಅಂತ. ಜೀವ ಬಂತು ಅಂತ ನಾನೇ ಮನೆಮನೆಗೆ ಹೋಗಿ ಹೇಳಿದ್ದೆನಲ್ಲ, ಇಲ್ಲವೆನ್ನಲು ಬಾಯಿ ಎಲ್ಲಿದೆ? ಒಂದು ಮಧ್ಯಾಹ್ನ ಪಕ್ಕದ ಮನೆಯ ಹಿರಿಯಳು ಕಟ್ಟೆಯ ಮೇಲೆ ಕೂತು, ಕನಿಕರದ ದನಿಯಲ್ಲೇ, ನಿನ್ನ ಕೈಗುಣ ಹಾಗಿತ್ತು ತಂಗಿ ಅಂದಳು. ನಾನು ಲಾಳಿ ಹೊಡೆಯುವುದನ್ನು ನಿಲ್ಲಿಸಿದೆ. ಒಳಗಿನಿಂದ ಊರುಗೋಲಿನ ಸದ್ದಾಯಿತು. ನಮ್ಮವರು ಹೊಸ್ತಿಲಿಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತರು.

"ನೀರು ಹಾಕಿದಾಕಿ ಆಕಿ, ಖರೆ" ಅಂದರು. "ತಿಳಿದೂ ತಿಳಿದೂ ಕಾಲ ಇಟ್ಟಾಂವ ನಾ. ಡಾಕ್ಟರ್ ನನಗ ಹೇಳಿದ್ರು, ಆಕಿಗೆ ನಾ ಹೇಳಲಿಲ್ಲ. ಈ ಮಾತು ಓಣಿಗೂ ಹೇಳು."

ಆಕೆ ಎದ್ದು ಹೋದಳು. ಸಂಜೆಯೊಳಗೆ ಓಣಿಗೆ ಉಳಿದ ಅರ್ಧವೂ ತಲುಪಿತು. ನಾನು ಅಂದು ಥ್ಯಾಂಕ್ಸ್ ಹೇಳಲಿಲ್ಲ, ನಗಲೂ ಇಲ್ಲ. ಆದರೆ ಅವರು ಸುತ್ತಿದ ಕಂಡಿಕೆಯಲ್ಲಿ ಎಳೆ ಸಡಿಲಾಗಿತ್ತು ಅಂತ ಬೈಯಲೂ ಇಲ್ಲ.

ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಾನಿನ್ನೂ ಒಲೆ ಹೊತ್ತಿಸುತ್ತಿದ್ದೆ. ಹಾಸಿಗೆಯ ಮೇಲಿಂದಲೇ ಕರೆದರು. ಬಲಗಾಲನ್ನು ಕಿಟಕಿಯ ಬೆಳಕಿಗೆ ಚಾಚಿದ್ದರು. ಮುಖ ಬೂದಿಯಾಗಿತ್ತು.

"ಇಲ್ಲಿ ನೋಡು. ಕಿರಬೆರಳು ಕಪ್ಪಾಗೇತಿ. ಮುಟ್ಟಿದ್ರ ಗೊತ್ತಾಗವಲ್ದು. ಅಣ್ಣಗ ಇನ್ನೂ ಹೇಳಿಲ್ಲ."

ಕೂತು ನೋಡಿದೆ. ತುದಿಯಷ್ಟೇ, ಕಡಲೆಕಾಳಿನಷ್ಟು. ಒತ್ತಿ ನೋಡಿದೆ, ಮೂಸಿ ನೋಡಿದೆ. ಒಣಗಿತ್ತು. ಒಣ ಬಟ್ಟೆ ಸುತ್ತಿ ಮೊದಲ ಬಸ್ಸಿಗೆ ಹೊರಟೆವು. ಹುನಗುಂದದಲ್ಲಿ ಬಸ್ಸು ನಿಂತಾಗ ನಾವಿಬ್ಬರೂ ಇಳಿಯಲಿಲ್ಲ, ಯಾರನ್ನೂ ಕರೆಯಲಿಲ್ಲ. ದವಾಖಾನೆಯಲ್ಲಿ ಕಂಪೌಂಡರ್ ಎಂದಿನಂತೆ ಗಂಡಸರನ್ನು ಕರೆದ. ನಮ್ಮವರು ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ನನ್ನ ಮೊಣಕೈ ಹಿಡಿದು ಒಳಗೆ ನಡೆದರು. ಸರ್ಜನ್ ಇಬ್ಬರನ್ನೂ ಕೂರಿಸಿ ಹೇಳಿದರು. ತುದಿ ಸತ್ತಿದೆ, ಹೋಗುತ್ತದೆ. ಒಣಗಿಯೇ ಇದ್ದರೆ ಅಷ್ಟಕ್ಕೇ ಮುಗಿಯಬಹುದು. ಮುಗಿಯದೆಯೂ ಇರಬಹುದು.

ಮರಳುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. ಸೆರಗು ಒದ್ದೆಯಾಗುವಷ್ಟು ಅತ್ತೆ. ಮುಂದಿನ ಸೀಟಿನವರು ಹೊರಳಿ ನೋಡಿದರು. ನಮ್ಮವರು ಈ ಸಲ ಕಿಟಕಿಯ ಕಡೆ ಮುಖ ಮಾಡಲಿಲ್ಲ, ಸುಮ್ಮನಿರು ಅಂತಲೂ ಅನ್ನಲಿಲ್ಲ. ನಾನು ಅಳುವುದನ್ನು ನೋಡುತ್ತ ಕೂತರು. ಪೂರ್ತಿ ಕ್ಷಮಿಸಿದ್ದೇನೆ ಅಂತ ಹೇಳಲಾರೆ. ಆದರೆ ಯಾಕೆ ಅಳುತ್ತಿದ್ದೇನೆ ಅನ್ನುವುದು ನನಗೆ ಗೊತ್ತಿತ್ತು. ಇಬ್ಬರಿಗೂ ಒಂದೇ ಹೊತ್ತಿಗೆ ಗೊತ್ತಾಗಿತ್ತು. ಅಷ್ಟಕ್ಕೇ ದೇವರಿಗೆ ಕೈಮುಗಿದೆ.

ದಿನಾ ಬೆಳಿಗ್ಗೆ ಬಟ್ಟೆ ಬಿಚ್ಚಿ ನೋಡುತ್ತೇನೆ. ಇವತ್ತೂ ನೋಡಿದೆ. ಒಣಗಿಯೇ ಇದೆ.